ಡೀಸೆಲ್ ರೇಸಿನ ಹೊಗೆಯಲ್ಲಿ ದಾರಿ ಕಾಣದ ಚಾಲಕ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರ ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಅಮೆರಿಕದ ಡೀಸೆಲ್ ಪಿಕಪ್ ಟ್ರಕ್ಕುಗಳ ಡ್ರ್ಯಾಗ್ ರೇಸ್ (ಎರಡು ಗಾಡಿಗಳು ಅಕ್ಕಪಕ್ಕ ನಿಂತು ನೇರ ದಾರಿಯಲ್ಲಿ ಅಲ್ಪ ದೂರ ಓಡುವ ಪಂದ್ಯ) ಕುರಿತು ಬರಹವೊಂದು ಬಂದಿತ್ತು. ಜೊತೆಗಿದ್ದ ಚಿತ್ರದಲ್ಲಿ ಗಾಡಿಗಿಂತ ಹೊಗೆಯೇ ದೊಡ್ಡದಾಗಿ ಕಾಣುತ್ತಿತ್ತು. ಅದರ ಕೆಳಗೆ ಎಂಜಿನ್ನಿನ ಬಲವನ್ನು ಕೊಂಡಾಡುವ ಸಾಲೊಂದಿತ್ತು. ಮೂವತ್ತನಾಲ್ಕು ವರ್ಷ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಪಂಪು, ನಾಜಲ್‌ಗಳ ಕೆಲಸವನ್ನೇ ಮಾಡಿ ನಿವೃತ್ತನಾದವನು ನಾನು. ಕಳೆದ ವರ್ಷ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಇಂಥದೇ ಒಂದು ರೇಸನ್ನು ಮೊಮ್ಮಗನ ಜೊತೆ ಕುಳಿತು ನೋಡಿಯೂ ಬಂದಿದ್ದೇನೆ. ಆ ಹೊಗೆಯನ್ನು ಬಲದ ಲಕ್ಷಣವೆಂದು ನಮ್ಮ ಹುಡುಗರು ನಂಬಿಬಿಟ್ಟರೆ ಏನಾದೀತು ಎಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೆ ಮನ್ನಿಸಬೇಕು.

ಮಗಳು, ಅಳಿಯ ಇರುವುದು ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಸಣ್ಣ ಊರಿನಲ್ಲಿ. ಡೀಸೆಲ್ ಕೆಲಸ ಬಲ್ಲವರಿಗೆ ಅದು ಅಪರಿಚಿತ ಹೆಸರಲ್ಲ. 1919ರಲ್ಲಿ ಆರಂಭವಾದ ಕಮ್ಮಿನ್ಸ್ ಎಂಬ ಡೀಸೆಲ್ ಎಂಜಿನ್ ಕಂಪನಿಯ ಮೂಲ ನೆಲೆ ಅದು. ಆ ಕಂಪನಿಯ ಡೀಸೆಲ್ ಕಾರೊಂದು 1931ರ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಇಂಧನಕ್ಕೆಂದಾಗಲಿ ಟೈರಿಗೆಂದಾಗಲಿ ಒಮ್ಮೆಯೂ ನಿಲ್ಲದೆ ಐನೂರು ಮೈಲಿ ಪೂರೈಸಿ 13ನೆಯ ಸ್ಥಾನ ಪಡೆದಿತ್ತು. ಡೀಸೆಲ್ ಎಂಜಿನ್ ರೇಸಿಗೆ ಹೊಸದಲ್ಲ ಎಂದು ಹೇಳುವುದಕ್ಕಾಗಿಯೇ ಇದನ್ನು ನೆನೆಯುತ್ತಿದ್ದೇನೆ. ನಾನು ಡೀಸೆಲ್ ರೇಸಿನ ವಿರೋಧಿಯಲ್ಲ. ಎಂಜಿನ್ನಿನ ಸದ್ದು ಕಿವಿಗೆ ಬಿದ್ದರೆ ಈಗಲೂ ನಿಂತು ಆಲಿಸುವವನು.

ನಾವು ನೋಡಿದ ರೇಸು ಆಗಸ್ಟ್ ತಿಂಗಳ ಒಂದು ಶನಿವಾರ ಊರ ಹೊರಗಿನ ಟ್ರ್ಯಾಕ್ ಒಂದರಲ್ಲಿ ನಡೆಯಿತು. ಅಕ್ಕಪಕ್ಕ ಎರಡು ಲೇನ್. ಮಧ್ಯೆ ಕಂಬಕ್ಕೆ ಕಟ್ಟಿದ ಹಳದಿ, ಹಸಿರು ದೀಪಗಳು. ಎರಡೂ ಬದಿಗೆ ಸೊಂಟದೆತ್ತರದ ಕಾಂಕ್ರೀಟ್ ಗೋಡೆ. ಡ್ರ್ಯಾಗ್ ರೇಸಿನ ವಾಡಿಕೆಯ ದೂರ ಕಾಲು ಮೈಲಿ, ಎಂದರೆ 402 ಮೀಟರ್. ಡೀಸೆಲ್ ಗಾಡಿಗಳಿಗೆ ಎಷ್ಟೋ ಕಡೆ ಅದರ ಅರ್ಧವನ್ನೇ ಇಡುತ್ತಾರೆ, ಅಲ್ಲಿಯೂ ಹಾಗೆಯೇ ಇತ್ತು. ಓಡಿದವುಗಳಲ್ಲಿ ಹೆಚ್ಚಿನವು ಎರಡೂವರೆ, ಮೂರು ಟನ್ ತೂಗುವ ಪಿಕಪ್‌ಗಳು. ಡ್ರ್ಯಾಗ್ ರೇಸಿಗೆಂದೇ ಕಟ್ಟಿದ ಹಗುರ ಕಾರುಗಳ ಪಕ್ಕದಲ್ಲಿ ಇವು ಆನೆಗಳ ಹಾಗೆ ಕಾಣುತ್ತವೆ. ಆನೆಯನ್ನು ಅಷ್ಟು ವೇಗದಲ್ಲಿ ಓಡಿಸಿದರೆ ನಿಲ್ಲಿಸುವುದೂ ಅಷ್ಟೇ ಕಷ್ಟ.

ದೀಪ ಹಸಿರಾಗುವ ಮೊದಲು ಚಾಲಕ ಒಂದು ಕಾಲಿನಲ್ಲಿ ಬ್ರೇಕ್ ಅದುಮಿ ಇನ್ನೊಂದರಲ್ಲಿ ಆಕ್ಸಿಲರೇಟರ್ ಒತ್ತುತ್ತಾನೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ತಿರುಗಿ ಗಾಳಿಯ ಒತ್ತಡ ಏರಲಿ ಎಂಬುದಕ್ಕಾಗಿ ಹೀಗೆ ಮಾಡುತ್ತಾರೆ. ಆ ಎರಡು ಮೂರು ಕ್ಷಣಗಳಲ್ಲಿ ಎಡ ಲೇನಿನ ಗಾಡಿಯಿಂದ ಹೊರಟ ಹೊಗೆ ಗಾಳಿಗೆ ಓಲಿ ಬಲ ಲೇನನ್ನು ಪೂರ್ತಿ ಮುಚ್ಚಿತು. ನನ್ನ ಮೊಮ್ಮಗ ತೋಳು ಹಿಡಿದು, "ಅಜ್ಜಾ, ಆ ಕಡೆ ಟ್ರಕ್ ಎಲ್ಲಿ ಹೋಯಿತು?" ಎಂದು ಕೇಳಿದ. ನಿಜಕ್ಕೂ ಅದು ಕಾಣುತ್ತಿರಲಿಲ್ಲ. ಅದರ ಹಿಂದಿನ ಕೆಂಪು ದೀಪವೂ ಕಾಣುತ್ತಿರಲಿಲ್ಲ. ಅದೇ ಹೊತ್ತಿಗೆ ಹಸಿರು ದೀಪ ಬಂದು ಎರಡೂ ಗಾಡಿ ಹೊರಟವು. ಬಲ ಲೇನಿನ ಚಾಲಕ ಸುಮಾರು ಐವತ್ತು ಮೀಟರ್ ತನ್ನ ಮುಂದಿನ ರಸ್ತೆಯನ್ನೂ ಪಕ್ಕದ ಗೋಡೆಯನ್ನೂ ಕಾಣದೆಯೇ ಓಡಿಸಿರಬೇಕು. ಹೊಗೆಯಿಂದ ಹೊರಬಂದಾಗ ಗಾಡಿ ಗೋಡೆಯ ಕಡೆಗೆ ವಾಲಿಕೊಂಡಿತ್ತು, ಅವನು ಎಳೆದು ಸರಿಪಡಿಸುವಷ್ಟರಲ್ಲಿ ಪಕ್ಕದ ಕನ್ನಡಿ ಗೋಡೆಗೆ ತಾಗಿ ಕಿತ್ತುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಜನ ಶಿಳ್ಳೆ ಹೊಡೆದರು. ಮುಂದಿನ ಜೋಡಿ ಹೊರಟಿತು. ಮನೆಗೆ ಬಂದು ಮೊಮ್ಮಗನ ಮುಖ ಒರೆಸಿದ ಬಿಳಿ ಕರವಸ್ತ್ರದಲ್ಲಿ ಮೂಗಿನ ಎರಡು ಹೊಳ್ಳೆಗಳ ಗುರುತು ಕಪ್ಪಗೆ ಮೂಡಿತ್ತು.

ಆ ಹೊಗೆ ಏನು ಎಂಬುದನ್ನು ನನ್ನ ಕಸುಬಿನ ಮಾತಿನಲ್ಲಿಯೇ ಹೇಳುತ್ತೇನೆ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಲೆಕ್ಕಕ್ಕೆ ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಆದರೆ ಡೀಸೆಲ್ ಎಂಜಿನ್ನಿನಲ್ಲಿ ಇಂಧನವೂ ಗಾಳಿಯೂ ಮೊದಲೇ ಬೆರೆತು ಬರುವುದಿಲ್ಲ. ಬಿಸಿ ಗಾಳಿಯೊಳಕ್ಕೆ ನಾಜಲ್ ಕಡೇ ಘಳಿಗೆಯಲ್ಲಿ ಡೀಸೆಲ್ ಚಿಮ್ಮಿಸುತ್ತದೆ. ಹಾಗಾಗಿ ಹೊಗೆಯಿಲ್ಲದೆ ಉರಿಯಬೇಕಾದರೆ ಲೆಕ್ಕಕ್ಕಿಂತ ಹೆಚ್ಚೇ ಗಾಳಿ ಬೇಕಾಗುತ್ತದೆ, ಹದಿನೆಂಟು ಇಪ್ಪತ್ತು ಕಿಲೋ ಎಂದಿಟ್ಟುಕೊಳ್ಳಿ. ಗಾಳಿ ಅಷ್ಟು ಇಲ್ಲದಿದ್ದರೆ ಇಂಧನದ ಒಂದು ಪಾಲು ಅರೆಬರೆ ಬೆಂದು ಮಸಿಯಾಗಿ ಹೊರಬೀಳುತ್ತದೆ. ಕರಿಹೊಗೆ ಎಂದರೆ ಅಷ್ಟೇ: ದುಡ್ಡು ಕೊಟ್ಟು ತುಂಬಿಸಿದ ಡೀಸೆಲ್ಲು ಕೆಲಸ ಮಾಡದೆ ಹೊರಗೆ ಹೋದದ್ದು. ದೊಡ್ಡ ಟರ್ಬೊ ಕೂರಿಸಿದ ಗಾಡಿ ಹೊರಡುವಾಗ ಅದು ಇನ್ನೂ ಪೂರ್ಣ ವೇಗಕ್ಕೆ ಬಂದಿರುವುದಿಲ್ಲ, ಗಾಳಿ ಸಾಲದು, ಇಂಧನ ಮಾತ್ರ ಧಾರಾಳವಾಗಿ ಬೀಳುತ್ತಿರುತ್ತದೆ. ಅದಕ್ಕೇ ಹೊರಡುವಾಗ ಅಷ್ಟು ಹೊಗೆ. ಸರಿಯಾಗಿ ಹದಗೊಳಿಸಿದ ಗಾಡಿಯಾದರೆ ಟರ್ಬೊ ಏರುತ್ತಿದ್ದಂತೆ ಹೊಗೆ ತೆಳುವಾಗಿ ಅರ್ಧ ದಾರಿಯ ಹೊತ್ತಿಗೆ ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ. ಅಂದು ನಾನು ನೋಡಿದವುಗಳಲ್ಲಿ ಚೆನ್ನಾಗಿ ಓಡಿದ ಒಂದೆರಡು ಗಾಡಿಗಳು ಹಾಗೆಯೇ ಇದ್ದವು, ಆದರೆ ಅವುಗಳಿಗೆ ಶಿಳ್ಳೆ ಕಡಿಮೆ ಬಿತ್ತು.

ಗಾಳಿ ಎಷ್ಟು ಮುಖ್ಯ ಎಂಬುದಕ್ಕೆ ಅದೇ ಇಂಡಿಯಾನಾಪೊಲಿಸ್‌ನದೇ ಇನ್ನೊಂದು ಉದಾಹರಣೆಯಿದೆ. 1952ರಲ್ಲಿ ಕಮ್ಮಿನ್ಸ್ ಡೀಸೆಲ್ ಕಾರು ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿ ಸಾಲಿನ ಮೊದಲ ಸ್ಥಾನ ಗಳಿಸಿತು. ಆದರೆ ರೇಸಿನ ದಿನ ಟ್ರ್ಯಾಕಿನ ಮೇಲಿನ ಟೈರ್ ರಬ್ಬರಿನ ಚೂರುಗಳು ಟರ್ಬೊದ ಗಾಳಿ ಬಾಯಿಗೆ ಕಟ್ಟಿಕೊಂಡು 71 ಸುತ್ತಿಗೇ ಅದು ನಿಲ್ಲಬೇಕಾಯಿತು. ಡೀಸೆಲ್ ಸುರಿದರೆ ಬಲ ಬರುತ್ತದೆ ಎನ್ನುವ ನಮ್ಮ ಗ್ಯಾರೇಜುಗಳ ನಂಬಿಕೆ ಎಷ್ಟು ಅರೆಬರೆಯದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೊಗೆಯಿಲ್ಲದೆ ವೇಗವಿಲ್ಲ ಎನ್ನುವವರು ಇನ್ನೂ ಇದ್ದರೆ 2006ನೇ ಇಸವಿಯನ್ನು ನೋಡಲಿ. ಆ ವರ್ಷ ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ರೇಸನ್ನು ಆಡಿ ಕಂಪನಿಯ ಆರ್10 ಟಿಡಿಐ ಗೆದ್ದಿತು. ಆ ರೇಸು ಗೆದ್ದ ಮೊದಲ ಡೀಸೆಲ್ ಕಾರು ಅದು, ಹಗಲೂ ರಾತ್ರಿಯೂ ಓಡಿದರೂ ಅದರ ಹಿಂದೆ ಮಸಿಯ ಮೋಡವೇನೂ ಇರಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ, ನಮ್ಮ ರಸ್ತೆ ಅಗೆಯುವ ಯಂತ್ರಗಳಿಂದ ಎಲ್ಲರಿಗೂ ಗೊತ್ತಿರುವ ಜೆಸಿಬಿ ಕಂಪನಿಯ ಡೀಸೆಲ್‌ಮ್ಯಾಕ್ಸ್ ಎಂಬ ಗಾಡಿ ಗಂಟೆಗೆ 563 ಕಿಲೋಮೀಟರ್ ವೇಗದಲ್ಲಿ ಓಡಿ ಡೀಸೆಲ್ ವಾಹನಗಳ ದಾಖಲೆ ಬರೆಯಿತು. ಇವರಿಗೆಲ್ಲ ಬೇಕಾಗಿದ್ದದ್ದು ಇಂಧನದ ಒಂದೊಂದು ಹನಿಯನ್ನೂ ಚಕ್ರಕ್ಕೆ ಮುಟ್ಟಿಸುವುದು. ಜನರಿಗೆ ತೋರಿಸಲೆಂದು ಹೊಗೆ ಬಿಡುವ ಉಸಾಬರಿ ಅವರಿಗಿರಲಿಲ್ಲ.

ಇನ್ನು ಸುರಕ್ಷತೆಯ ಮಾತು. ಅಮೆರಿಕದ ಡ್ರ್ಯಾಗ್ ರೇಸಿಗೆ ನಿಯಮಗಳಿಲ್ಲ ಎಂದು ಹೇಳಿದರೆ ಅನ್ಯಾಯವಾದೀತು. ಬೀದಿಯಲ್ಲಿ ಪಂದ್ಯ ಕಟ್ಟಿ ಸಾಯುತ್ತಿದ್ದ ಹುಡುಗರನ್ನು ಟ್ರ್ಯಾಕಿಗೆ ಕರೆತರಬೇಕೆಂಬ ಉದ್ದೇಶದಿಂದಲೇ 1951ರಲ್ಲಿ ಅಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಹುಟ್ಟಿತು. ಕಾಲು ಮೈಲಿಯನ್ನು ಹತ್ತು ಸೆಕೆಂಡಿಗಿಂತ ಬೇಗ ಮುಗಿಸುವ ಗಾಡಿಗೆ ಸಾಮಾನ್ಯವಾಗಿ ರೋಲ್ ಕೇಜ್ (ಗಾಡಿ ಮಗುಚಿದರೆ ಚಾಲಕನನ್ನು ಕಾಯುವ ಉಕ್ಕಿನ ಕೊಳವೆಗಳ ಪಂಜರ) ಬೇಕು, ಚಾಲಕನಿಗೆ ಪ್ರತ್ಯೇಕ ಲೈಸೆನ್ಸ್ ಬೇಕು, ಬೆಂಕಿ ತಡೆಯುವ ಉಡುಪು ಬೇಕು. ಆದರೆ ಈ ಎಲ್ಲ ಏರ್ಪಾಡುಗಳ ಹಿಂದೆ ಒಂದು ಎಣಿಕೆ ಇದೆ: ತಪ್ಪು ಆದಾಗ ಅದು ಯಾರದಾದರೂ ಕಣ್ಣಿಗೆ ಬೀಳುತ್ತದೆ ಎಂಬುದು. ಹೊರಡುವ ಗೆರೆಯ ಬಳಿ ನಿಂತವನು ಗಾಡಿಯ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿದೆಯೇ ಎಂದು ನೋಡಬೇಕು. ಗಾಡಿಯಲ್ಲಿ ಕಿಡಿ ಕಂಡರೆ ಬೆಂಕಿ ಆರಿಸುವವರು ಓಡಬೇಕು. ಟ್ರ್ಯಾಕಿನ ಮೇಲೆ ಏನಾದರೂ ಚೆಲ್ಲಿದರೆ ಮುಂದಿನ ಜೋಡಿಯನ್ನು ತಡೆಯಬೇಕು. ಕರಿಹೊಗೆ ಮೊದಲು ಕಸಿಯುವುದು ಈ ಎಲ್ಲರ ಕಣ್ಣನ್ನೇ.

ಡೀಸೆಲ್ ಗಾಡಿಯಲ್ಲಿ ಇದು ಇನ್ನೂ ಗಂಭೀರ. ಈಗಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ, ಎಂದರೆ ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಇಂಧನ ಹೋಗುವ ಎಂಜಿನ್ನುಗಳಲ್ಲಿ, ಡೀಸೆಲ್ಲಿನ ಒತ್ತಡ ಎರಡು ಸಾವಿರ ಬಾರ್ ಮುಟ್ಟುತ್ತದೆ, ಅದು ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಎರಡು ಸಾವಿರ ಪಟ್ಟು. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಇಂಧನ ಮಂಜಿನಂತೆ ಚಿಮ್ಮಿ ಕೆಂಪಗೆ ಕಾದ ಟರ್ಬೊ ಮೇಲೆ ಬೀಳುತ್ತದೆ. ಪೆಟ್ರೋಲು ಚೆಲ್ಲಿದರೆ ಬೇಗ ಆರಿಹೋಗುತ್ತದೆ, ಡೀಸೆಲ್ ಹಾಗಲ್ಲ, ಜಿಡ್ಡಾಗಿ ನೆಲಕ್ಕೆ ಅಂಟಿ ಕೂರುತ್ತದೆ. ಹಿಂದೆ ಬರುವ ಗಾಡಿಯ ಟೈರಿಗೆ ಅದು ಬೆಣ್ಣೆ ಹಚ್ಚಿದ ಹಾಗೆ. ಅತಿಯಾಗಿ ಇಂಧನ ಸುರಿದರೆ ಒಳಗಿನ ಶಾಖವೂ ಏರುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಪಿಸ್ಟನ್ ಅದರದೇ ಮಿಶ್ರಲೋಹದ್ದು. ತಲೆ ತೂತಾಗಿ ಕರಗಿದ ಪಿಸ್ಟನ್‌ಗಳನ್ನು ನಾನು ಈ ಕೈಯಲ್ಲಿ ಹೊರತೆಗೆದಿದ್ದೇನೆ.

ಎಲ್ಲಕ್ಕಿಂತ ಭಯಂಕರವಾದದ್ದು ಎಂಜಿನ್ ತನ್ನ ಎಣ್ಣೆಯನ್ನೇ ಕುಡಿದು ಓಡತೊಡಗುವುದು. ಟರ್ಬೊ ಸೀಲ್ ಹೋಗಿ ಲೂಬ್ರಿಕೇಟಿಂಗ್ ಆಯಿಲ್ ಗಾಳಿಯ ಜೊತೆ ಒಳಕ್ಕೆ ನುಗ್ಗಿದರೆ ಅದೇ ಇಂಧನವಾಗಿ ಎಂಜಿನ್ ಏರುತ್ತಲೇ ಹೋಗುತ್ತದೆ. ಕೀ ತಿರುಗಿಸಿದರೂ ನಿಲ್ಲದು, ಡೀಸೆಲ್ ನಿಲ್ಲಿಸಿದರೂ ನಿಲ್ಲದು. ಗಾಳಿಯ ದಾರಿ ಕಟ್ಟಿದರೆ ಮಾತ್ರ ನಿಲ್ಲುತ್ತದೆ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ವರ್ಕ್‌ಶಾಪಿನಲ್ಲಿ ಒಂದು ಲಾರಿ ಎಂಜಿನ್ ಹೀಗೆ ಹುಚ್ಚೆದ್ದಾಗ ಎಲ್ಲರೂ ಹೊರಗೆ ಓಡಿದೆವು. ಹಿರಿಯ ಮೆಕ್ಯಾನಿಕ್ ಒಬ್ಬರು ಮಾತ್ರ ಒದ್ದೆ ಗೋಣಿಚೀಲವನ್ನು ಏರ್ ಕ್ಲೀನರಿನ ಬಾಯಿಗೆ ಎರಡೂ ಕೈಯಿಂದ ಒತ್ತಿ ಹಿಡಿದು ಅದನ್ನು ನಿಲ್ಲಿಸಿದರು. ಅವರ ಅಂಗೈಯಲ್ಲಿ ಗೋಣಿಯ ನೇಯ್ಗೆಯ ಅಚ್ಚು ಸಂಜೆಯವರೆಗೂ ಇತ್ತು. ಅಮೆರಿಕದ ಟ್ರ್ಯಾಕ್ಟರ್ ಎಳೆತದ ಸ್ಪರ್ಧೆಗಳಲ್ಲಿ ಇದಕ್ಕೆಂದೇ ಗಾಳಿಯ ದಾರಿ ಮುಚ್ಚುವ ಕವಾಟವನ್ನು ಅಳವಡಿಸಿ ಅದರ ಹಗ್ಗವನ್ನು ಟ್ರ್ಯಾಕ್ಟರ್ ಎಳೆಯುವ ಭಾರದ ಬಂಡಿಯಾದ ಸ್ಲೆಡ್ಡಿಗೆ ಕಟ್ಟಿರುತ್ತಾರೆ. ಡೀಸೆಲ್ ಗಾಡಿ ಓಡುವ ಪ್ರತಿ ಟ್ರ್ಯಾಕಿನಲ್ಲಿಯೂ ಅಂಥದೊಂದು ಕವಾಟ ಕಡ್ಡಾಯವಾಗಿರಬೇಕು. ಎಣ್ಣೆ ಉರಿಯತೊಡಗಿದರೆ ಹೊಗೆಯ ಬಣ್ಣ ನೀಲಿಗೆ, ಬೆಳ್ಳಗೆ ತಿರುಗುತ್ತದೆ. ಕಸುಬುದಾರನಿಗೆ ಅದೇ ಮೊದಲ ಎಚ್ಚರಿಕೆ. ಸುತ್ತಲೂ ಮಸಿಯೇ ತುಂಬಿರುವಾಗ ಆ ಬಣ್ಣವನ್ನು ಗುರುತಿಸುವವರು ಯಾರು?

ನೋಡುವವರ ಆರೋಗ್ಯದ ಬಗ್ಗೆ ಹೆಚ್ಚು ಬರೆಯುವುದು ವೈದ್ಯರ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯಾನ್‌ನಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು ಎಂಬುದಷ್ಟನ್ನು ನೆನಪಿಸಿದರೆ ಸಾಕು. ಒಂದು ದಿನ ರೇಸ್ ನೋಡಿದವನಿಗೆ ಏನೂ ಆಗದಿರಬಹುದು. ವಾರ ವಾರವೂ ಆ ಗೆರೆಯ ಪಕ್ಕದಲ್ಲಿಯೇ ನಿಲ್ಲುವ ಕೆಲಸಗಾರನ ಪಾಡು ಬೇರೆ.

ಟ್ರ್ಯಾಕಿನ ಹೊಗೆ ಟ್ರ್ಯಾಕಿನಲ್ಲಿಯೇ ಉಳಿಯುವುದಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ವಿಷಯ. ರೇಸಿಗೆಂದು ಮಾರುವ ಉಪಕರಣ, ತಂತ್ರಾಂಶಗಳು ದಿನನಿತ್ಯದ ಗಾಡಿಗೂ ಬರುತ್ತವೆ. ಹೊಗೆಯನ್ನು ತಡೆಯುವ ಸಾಧನಗಳನ್ನು ಕಿತ್ತುಹಾಕಿದ ಡೀಸೆಲ್ ಪಿಕಪ್‌ಗಳು ಹತ್ತು ವರ್ಷಗಳ ಅವಧಿಯಲ್ಲಿ 5,50,000ಕ್ಕೂ ಹೆಚ್ಚು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರ ಕೊನೆಯಲ್ಲಿ ಅಂದಾಜು ಮಾಡಿತು. ಪಾದಚಾರಿಗಳ, ಸೈಕಲ್ ಸವಾರರ ಮುಖಕ್ಕೆ ಬೇಕೆಂದೇ ಹೊಗೆ ಉಗುಳುವ ದುರಭ್ಯಾಸಕ್ಕೆ ಅಲ್ಲಿ ಒಂದು ಹೆಸರೇ ಬಿದ್ದಿದೆ. ನ್ಯೂಜೆರ್ಸಿ 2015ರಲ್ಲಿ, ಕೊಲರಾಡೊ 2017ರಲ್ಲಿ ಅದನ್ನು ಕಾನೂನಿನಿಂದ ನಿಷೇಧಿಸಬೇಕಾಯಿತು. 2021ರ ಸೆಪ್ಟೆಂಬರಿನಲ್ಲಿ ಟೆಕ್ಸಸ್‌ನ ಹೂಸ್ಟನ್ ನಗರದ ಬಳಿಯ ವಾಲರ್ ಕೌಂಟಿಯಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಸೈಕಲ್ ಸವಾರರ ಮೇಲೆ ಹೀಗೆ ಹೊಗೆ ಬಿಡುತ್ತ ಬಂದು ಆರು ಜನರಿಗೆ ಪಿಕಪ್ ಗುದ್ದಿಸಿದ. ಹೂಸ್ಟನ್ ಸುತ್ತಮುತ್ತ ನಮ್ಮವರು ಎಷ್ಟೋ ಜನ ಇದ್ದಾರೆ. ಅವರಲ್ಲಿ ಬೆಳಗಿನ ಹೊತ್ತು ಸೈಕಲ್ ತುಳಿಯುವವರೂ ಇದ್ದಾರು.

ನಮ್ಮಲ್ಲಿಯೂ ಅದೇ ಗಾಳಿ ಬೀಸತೊಡಗಿದೆ. ಎರಡು ವರ್ಷದ ಹಿಂದೆ ನಮ್ಮ ಕಡೆಯ ಊರೊಂದರ ಜಾತ್ರೆಯಲ್ಲಿ ಟ್ರ್ಯಾಕ್ಟರ್ ಜಗ್ಗಾಟ ನೋಡಲು ಹೋಗಿದ್ದೆ. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಮಾಡಿ ಸರಪಳಿಯಿಂದ ಬಿಗಿದಿದ್ದರು. ಮುಂದಿನ ಗಾಲಿ ಏಳದಿರಲೆಂದು ಒಂದರ ಬಾನೆಟ್ ಮೇಲೆ ಮೂವರು ಹುಡುಗರು ಕುಳಿತಿದ್ದರು. ಡೀಸೆಲ್ ಪ್ರಮಾಣ ಬದಲಿಸದಿರಲೆಂದು ಪಂಪಿಗೆ ಹಾಕಿದ ಸೀಲ್ ಒಡೆದು ಸ್ಕ್ರೂ ತಿರುವಿ ಡೀಸೆಲ್ ಏರಿಸಿದ್ದು ಹೊಗೆ ನೋಡಿಯೇ ನನಗೆ ತಿಳಿಯಿತು. ಸರಪಳಿ ಬಿಗಿಯುತ್ತಿದ್ದಂತೆ ಎರಡೂ ಟ್ರ್ಯಾಕ್ಟರು ಕರಿಹೊಗೆಯಲ್ಲಿ ಮುಳುಗಿದವು. ಮೊಬೈಲ್ ಹಿಡಿದ ಜನ ಇನ್ನಷ್ಟು ಹತ್ತಿರ ನುಗ್ಗಿದರು. ಟ್ರ್ಯಾಕ್ಟರು ಹಿಂದಕ್ಕೆ ಮಗುಚಿಕೊಳ್ಳಲು ಒಂದೂವರೆ ಸೆಕೆಂಡು ಸಾಕು, ಚಾಲಕ ಕ್ಲಚ್ ಒತ್ತಲು ಅವಕಾಶವಿರುವುದು ಅದರ ಅರ್ಧ. ಸರಪಳಿ ತುಂಡಾದರೆ ಅದು ಹಾರುವ ದಿಕ್ಕು ಯಾರಿಗೂ ಗೊತ್ತಿಲ್ಲ. ಅಂದು ಏನೂ ಆಗಲಿಲ್ಲ ಎಂಬ ನೆಮ್ಮದಿಗಿಂತ, ಅಲ್ಲಿ ತಡೆಯುವವರು ಯಾರೂ ಇರಲಿಲ್ಲ ಎಂಬ ನೋವು ನನ್ನಲ್ಲಿ ಇನ್ನೂ ಇದೆ. ಎದ್ದು ಹೋಗಿ ನಾನೇ ಏಕೆ ಹೇಳಲಿಲ್ಲ ಎಂದೂ ಅನೇಕ ಸಲ ಕೇಳಿಕೊಂಡಿದ್ದೇನೆ.

ಪಂಜಾಬಿನಲ್ಲಿ ಇದು ಇಲ್ಲಿಗೇ ನಿಲ್ಲಲಿಲ್ಲ. 2023ರ ಅಕ್ಟೋಬರಿನಲ್ಲಿ ಗುರುದಾಸಪುರ ಜಿಲ್ಲೆಯ ಗ್ರಾಮೀಣ ಕ್ರೀಡಾಕೂಟದಲ್ಲಿ ಸಾಹಸ ತೋರಿಸುತ್ತಿದ್ದ ಯುವಕ ತನ್ನದೇ ಟ್ರ್ಯಾಕ್ಟರಿನ ಕೆಳಗೆ ಸಿಕ್ಕಿ ಸತ್ತ ಮೇಲೆ ಅಲ್ಲಿನ ಸರ್ಕಾರ ಇಂಥ ಪ್ರದರ್ಶನಗಳನ್ನು ನಿಷೇಧಿಸಿತು. ಮರುವರ್ಷ ಜೂನಿನಲ್ಲಿ ಫಗ್ವಾಡಾ ಬಳಿಯ ಹಳ್ಳಿಯೊಂದರ ರೇಸಿನಲ್ಲಿ ಟ್ರ್ಯಾಕ್ಟರು ಜನರ ಮೇಲೆಯೇ ನುಗ್ಗಿತು. ನಿಷೇಧದ ಆದೇಶ ಒಂದರಿಂದಲೇ ಕೆಲಸವಾಗುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸು ನಡೆಸುವುದೂ ಅದರಲ್ಲಿ ಭಾಗವಹಿಸುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್6 ಮಾನದಂಡ ಜಾರಿಯಲ್ಲಿದೆ, ಹೊಸ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರು ಇರುತ್ತದೆ. ಅದನ್ನು ಕಿತ್ತು "ಪಿಕಪ್", ಎಂದರೆ ಗಾಡಿಯ ಚುರುಕು, ಹೆಚ್ಚಿಸಿಕೊಡುತ್ತೇವೆಂದು ಹೇಳುವವರು ಊರೂರಿನಲ್ಲಿ ಇದ್ದಾರೆ. ಮಗ ದುಡ್ಡು ಕೊಟ್ಟು ಗಾಡಿಯ ಶ್ವಾಸಕೋಶ ಕೀಳಿಸಿಕೊಂಡು ಬಂದನೆಂದು ತಂದೆ ತಾಯಿಗೆ ತಿಳಿಯುವುದೂ ಇಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಇಂಥ ರೇಸುಗಳ ಬಗ್ಗೆ ಬರೆಯಿರಿ, ಖಂಡಿತ ಬರೆಯಿರಿ. ಹಾಗೆ ಬರೆಯುವಾಗ ಹೊಗೆಯಿಲ್ಲದೆ ಗೆದ್ದ ಗಾಡಿಯ ಚಿತ್ರವನ್ನೂ ಹಾಕಿರಿ, ಆ ಚಾಲಕ ತೊಟ್ಟ ಉಡುಪು, ಕುಳಿತ ಕೇಜು, ಗಾಳಿ ಮುಚ್ಚುವ ಕವಾಟ ಇವುಗಳನ್ನೂ ವಿವರಿಸಿರಿ. ಇನ್ನು ರೇಸಿನ ಸಂಘಟಕರು, ಅವರು ಇಂಡಿಯಾನಾದವರಿರಲಿ ಹಾವೇರಿಯವರಿರಲಿ, ಪಕ್ಕದ ಲೇನು ಕಾಣದಷ್ಟು ಹೊಗೆ ಬಂದರೆ ಆ ಓಟವನ್ನು ಹಿಡಿದು ನಿಲ್ಲಿಸುವ ಅಧಿಕಾರವನ್ನು ಗೆರೆಯ ಬಳಿ ನಿಂತವನಿಗೆ ಕೊಡಬೇಕು, ಅಂಥ ಅಧಿಕಾರ ಈಗಾಗಲೇ ಇರುವಲ್ಲಿ ಅದನ್ನು ಅವನು ಅಂಜದೆ ಬಳಸಬೇಕು. ಗೆಲುವನ್ನು ಗಡಿಯಾರ ಹೇಳಲಿ, ಹೊಗೆ ಬಿಟ್ಟ ಗಾಡಿ ಹಿಂದಕ್ಕೆ ಹೋಗಲಿ. ಒಂದೇ ಋತುವಿನಲ್ಲಿ ಎಲ್ಲರೂ ಪಂಪು ಸರಿಮಾಡಿಸಿಕೊಂಡು ಬರುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನಮ್ಮ ಸುತ್ತಿನ ಜಾತ್ರಾ ಸಮಿತಿಯವರಿಗೂ ಈ ಪತ್ರದ ಮೂಲಕ ಒಂದು ಮಾತು. ಸಂಕ್ರಾಂತಿಯ ನಂತರ ಜಾತ್ರೆಗಳು ಸಾಲುಗಟ್ಟುತ್ತವೆ. ಟ್ರ್ಯಾಕ್ಟರ್ ಸ್ಪರ್ಧೆ ಇಟ್ಟೇ ಇಡುತ್ತೇವೆ ಎನ್ನುವವರು ಮೊದಲು ಲಿಖಿತ ಅನುಮತಿ ಪಡೆಯಲಿ, ಸರಪಳಿಯ ಉದ್ದದ ಎರಡರಷ್ಟು ದೂರಕ್ಕೆ ಹಗ್ಗ ಕಟ್ಟಿ ಜನರನ್ನು ನಿಲ್ಲಿಸಲಿ, ಬಾನೆಟ್ ಮೇಲೆ ಮಕ್ಕಳನ್ನು ಕೂರಿಸುವುದನ್ನು ಬಿಡಲಿ. ಸ್ಪರ್ಧೆಯ ದಿನ ಬೆಳಗ್ಗೆ ನನ್ನನ್ನು ಕರೆದರೆ ಬಸ್ಸಿನ ಖರ್ಚೂ ಕೇಳದೆ ಬಂದು ಒಂದೊಂದು ಟ್ರ್ಯಾಕ್ಟರಿನ ಪಂಪಿನ ಸೀಲು, ನಾಜಲ್, ಏರ್ ಕ್ಲೀನರುಗಳನ್ನು ನೋಡಿಕೊಡುತ್ತೇನೆ. ಸೀಲ್ ಒಡೆದ ಗಾಡಿಯನ್ನು ಮೈದಾನಕ್ಕೆ ಬಿಡುವುದಿಲ್ಲ ಎಂದು ಸಮಿತಿಯವರು ಮುಂಚಿತವಾಗಿಯೇ ಡಂಗುರ ಸಾರಿಸಿರಬೇಕು, ಅದೊಂದೇ ನನ್ನ ಷರತ್ತು.

ತಮ್ಮ ವಿಶ್ವಾಸಿ,
ನಿವೃತ್ತ ಡೀಸೆಲ್ ಪಂಪ್ ಮೆಕ್ಯಾನಿಕ್,
ಗದಗ